ಗುಲ್ಮದ ನೀರುಗುಳ್ಳೆ: ತೂತಿನ ಆಪರೇಷನ್ ಮತ್ತು ಉಳಿಸಬೇಕಾದ ಅಂಗ



ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಿಂತು ಆರೋಗ್ಯದ ಮಾತಾಡುವುದಕ್ಕೆ ದೊಡ್ಡ ಪೀಠಿಕೆ ಬೇಕಿಲ್ಲ. ಈ ಬೀದಿಗೆ ಕಾಲಿಟ್ಟರೆ ಕ್ಲಿನಿಕ್ಕು, ನರ್ಸಿಂಗ್ ಹೋಂ, ಲ್ಯಾಬು, ಸ್ಕ್ಯಾನಿಂಗ್ ಸೆಂಟರು, ಔಷಧಿ ಅಂಗಡಿ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಶಿಕಾರಿಪುರ, ಭದ್ರಾವತಿ, ಚನ್ನಗಿರಿ, ತರೀಕೆರೆ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ನೀರು ಕುಡಿದು ಕಾದು, ಹೊಟ್ಟೆ ಸ್ಕ್ಯಾನ್ ಮಾಡಿಸಿಕೊಂಡು, ದೊಡ್ಡ ಕವರನ್ನು ಕಂಕುಳಲ್ಲಿಟ್ಟುಕೊಂಡು ಡಾಕ್ಟರ ಬಾಗಿಲಲ್ಲಿ ಕೂರುತ್ತಾರೆ. ಗ್ಯಾಸ್ಟ್ರಿಕ್ ಎಂದು ಬಂದಿರುತ್ತಾರೆ, ಡೆಂಗಿ ಜ್ವರವೆಂದು ಬಂದಿರುತ್ತಾರೆ, ಕಿಡ್ನಿ ಕಲ್ಲು ಎಂದು ಬಂದಿರುತ್ತಾರೆ. ವರದಿಯಲ್ಲಿ ಅದಕ್ಕೆ ಸಂಬಂಧವೇ ಇಲ್ಲದ ಒಂದು ಸಾಲು ಇರುತ್ತದೆ: ಸ್ಪ್ಲೀನ್‌ನಲ್ಲಿ ಸಿಸ್ಟ್ ಇದೆ, ಇಷ್ಟು ಸೆಂಟಿಮೀಟರ್. ಆ ಸಾಲನ್ನು ಯಾರೋ ಓದಿ ಹೇಳಿದ ಮೇಲೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ. "ಕ್ಯಾನ್ಸರಾ?" ಎಂಬುದು ಮೊದಲ ಪ್ರಶ್ನೆ. "ತೆಗೆಸಿಬಿಡಬಹುದಾ?" ಎಂಬುದು ಎರಡನೆಯದು.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಗುಲ್ಮದಲ್ಲಿ, ಅಂದರೆ ಸ್ಪ್ಲೀನ್‌ನಲ್ಲಿ, ಕಾಣುವ, ತೆಳು ಗೋಡೆಯ, ಒಳಗೆ ಬರೀ ನೀರಿರುವ ಗುಳ್ಳೆಗಳಲ್ಲಿ ಬಹುಪಾಲು ನಿರಪಾಯದವು. ಎರಡನೆಯ ಪ್ರಶ್ನೆಗೇ ಈ ಉಪನ್ಯಾಸವನ್ನು ಮೀಸಲಿಟ್ಟಿದ್ದೇನೆ. ನನ್ನ ಮಾತಿನ ತಿರುಳನ್ನು ಈಗಲೇ ಹೇಳಿಬಿಡುತ್ತೇನೆ. ತೂತು ಮಾಡಿ ಮಾಡುವ ಆಪರೇಷನ್, ಅಂದರೆ ಲ್ಯಾಪ್ರೋಸ್ಕೋಪಿ, ಬಂದು ಹೊಟ್ಟೆಯ ಮೇಲಿನ ಗಾಯ ಚಿಕ್ಕದಾಗಿದೆ, ಸಂತೋಷ. ಆದರೆ ನಾಲ್ಕು ಸಣ್ಣ ತೂತುಗಳ ಮೂಲಕ ಇಡೀ ಗುಲ್ಮವನ್ನೇ ಹೊರಗೆ ತೆಗೆದರೆ ಅದನ್ನು ಸಣ್ಣ ಆಪರೇಷನ್ ಎನ್ನಲು ನನಗೆ ಮನಸ್ಸಿಲ್ಲ. ಗಾಯದ ಜೊತೆಗೆ ನಷ್ಟವೂ ಚಿಕ್ಕದಾಗಬೇಕು.

ಗುಲ್ಮ ಇರುವುದು ಹೊಟ್ಟೆಯ ಎಡ ಮೇಲ್ಭಾಗದಲ್ಲಿ, ಒಂಬತ್ತರಿಂದ ಹನ್ನೊಂದನೆಯ ಪಕ್ಕೆಲುಬಿನ ಮರೆಯಲ್ಲಿ. ಮೇಲೆ ವಪೆ, ಮುಂದೆ ಜಠರ, ಹಿಂದೆ ಎಡ ಮೂತ್ರಪಿಂಡ, ಕೆಳಗೆ ದೊಡ್ಡ ಕರುಳಿನ ತಿರುವು. ಮೇದೋಜೀರಕ ಗ್ರಂಥಿಯ ಬಾಲ ಬಂದು, ರಕ್ತನಾಳಗಳು ಒಳಹೋಗುವ ಗುಲ್ಮದ ಬಾಗಿಲಿಗೇ ತಾಗುತ್ತದೆ. ದೊಡ್ಡವರಲ್ಲಿ ಸುಮಾರು 150 ಗ್ರಾಂ ತೂಕ. ಆರೋಗ್ಯವಾಗಿದ್ದರೆ ಕೈಗೆ ಸಿಗುವುದೇ ಇಲ್ಲ. ಮುದಿಯಾದ ಕೆಂಪು ರಕ್ತಕಣಗಳನ್ನು ಅದು ಸೋಸಿ ಒಡೆಯುತ್ತದೆ. ದೇಹದ ಪ್ಲೇಟ್‌ಲೆಟ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಗೆ ಸಕ್ಕರೆಯಂಶದ ಕವಚ ಹೊದ್ದ ಕೆಲವು ಬ್ಯಾಕ್ಟೀರಿಯಾಗಳನ್ನು ರಕ್ತದಿಂದ ಹೆಕ್ಕಿ ಕೊಲ್ಲುವ ಕೆಲಸದಲ್ಲಿ ಗುಲ್ಮಕ್ಕೆ ಸಮನಾದ ಅಂಗ ಬೇರೆ ಇಲ್ಲ. ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಮೋಫಿಲಸ್ ಇನ್‌ಫ್ಲುಯೆಂಜಾ ಇವೇ ಆ ಜಾತಿಯವು. ನ್ಯುಮೋನಿಯಾ, ಮಿದುಳುಪೊರೆಯ ಉರಿಯೂತ, ರಕ್ತದ ನಂಜು ಈ ಬ್ಯಾಕ್ಟೀರಿಯಾಗಳಿಂದ ಬರುವ ಕಾಯಿಲೆಗಳು.

ನಮ್ಮ ಮಲೆನಾಡಿಗೆ ಗುಲ್ಮ ಹೊಸದಲ್ಲ. ಹಿಂದಿನವರು ಜ್ವರಗಡ್ಡೆ ಎನ್ನುತ್ತಿದ್ದರಲ್ಲ, ಅದು ಮಲೇರಿಯಾದಿಂದ ಊದಿ ಪಕ್ಕೆಲುಬಿನ ಕೆಳಗೆ ಇಳಿದ ಗುಲ್ಮವೇ. ಕೈಕಾಲು ಕಡ್ಡಿಯಾಗಿ, ಹೊಟ್ಟೆ ಮಾತ್ರ ಮುಂದೆ ಬಂದ ಮಕ್ಕಳು ಘಟ್ಟದ ಊರುಗಳಲ್ಲಿ ಮಾಮೂಲಾಗಿದ್ದ ಕಾಲವೊಂದಿತ್ತು. ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆ ಎಂದು ಅಳೆಯಲು ಅಲ್ಲಿನ ಮಕ್ಕಳ ಹೊಟ್ಟೆ ಮುಟ್ಟಿ, ಎಷ್ಟು ಜನರ ಗುಲ್ಮ ಕೈಗೆ ಸಿಗುತ್ತದೆ ಎಂದು ಎಣಿಸುವ ಕ್ರಮ ಶುರುವಾದದ್ದು ಭಾರತದಲ್ಲೇ. 1840ರ ದಶಕದ ಕೊನೆಯಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯ ಯಮುನಾ ಕಾಲುವೆಯ ಅಂಚಿನ ಹಳ್ಳಿಗಳಲ್ಲಿ ಅದನ್ನು ಮೊದಲು ಮಾಡಿದ. 1920ರ ದಶಕದ ಕೊನೆಗೆ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೂಡಿಗೆರೆ, ಹಿರಿಯೂರು, ನಾಗೇನಹಳ್ಳಿಗಳಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಾಗಲೂ ಮಕ್ಕಳ ಹೊಟ್ಟೆ ಮುಟ್ಟಿ ನೋಡುವುದು ಸಮೀಕ್ಷೆಯ ಭಾಗವಾಗಿತ್ತು. ಡಿಡಿಟಿ ಬಂತು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು, ಜ್ವರಗಡ್ಡೆ ಅಪರೂಪವಾಯಿತು. ಗುಲ್ಮ ಮತ್ತೆ ಪಕ್ಕೆಲುಬಿನ ಮರೆಗೆ ಸರಿಯಿತು. ಈಗ ಅದು ಜನರ ಬಾಯಿಗೆ ಬರುವುದು ಅಲ್ಟ್ರಾಸೌಂಡ್ ವರದಿಯ ಮೂಲಕ.

ಗುಳ್ಳೆಗಳಲ್ಲಿ ಬಗೆಗಳಿವೆ. ಹುಟ್ಟಿನಿಂದಲೇ ಬೀಜರೂಪದಲ್ಲಿದ್ದು ಬೆಳೆಯುತ್ತಾ ಹೋಗುವವು ಒಂದು ಬಗೆ. ಇವಕ್ಕೆ ಒಳಗಡೆ ತಮ್ಮದೇ ಆದ ಒಂದು ಪೊರೆ ಇರುತ್ತದೆ. ಆ ಪೊರೆಯೇ ನೀರು ಸ್ರವಿಸುತ್ತದೆ. ಮಕ್ಕಳಲ್ಲಿ, ಹರೆಯದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೆಚ್ಚು ಕಾಣುತ್ತವೆ. ಸಿಎ 19-9 ಎಂಬ ರಕ್ತಪರೀಕ್ಷೆ ಮಾಡಿಸಿದರೆ ಕೆಲವೊಮ್ಮೆ ಏರಿರುತ್ತದೆ. ಇದು ಕ್ಯಾನ್ಸರ್ ಪತ್ತೆಗೆ ಬಳಸುವ ಪರೀಕ್ಷೆಯಾದ್ದರಿಂದ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಈ ಗುಳ್ಳೆಯ ಪೊರೆಯೇ ಆ ವಸ್ತುವನ್ನು ತಯಾರಿಸಬಲ್ಲದು, ಗುಳ್ಳೆ ತೆಗೆದ ಮೇಲೆ ಅದು ಇಳಿಯುತ್ತದೆ. ಅದೊಂದು ಅಂಕಿಯನ್ನು ನೋಡಿ ಯಾರೂ ಎದೆಗುಂದಬೇಡಿ.

ಎರಡನೆಯದು ಪೆಟ್ಟಿನಿಂದ ಆದದ್ದು. ಇದು ನಮ್ಮ ಸೀಮೆಗೆ ಹತ್ತಿರದ ವಿಷಯ, ಸ್ವಲ್ಪ ನಿಂತು ಹೇಳುತ್ತೇನೆ. ಅಡಿಕೆ ಕೊನೆ ಇಳಿಸುವಾಗ ಮರದಿಂದ ಜಾರಿ ಬಿದ್ದವರು, ಮಳೆಗಾಲದಲ್ಲಿ ಬೈಕ್ ಜಾರಿ ಹ್ಯಾಂಡಲ್ ಹೊಟ್ಟೆಗೆ ಒತ್ತಿದವರು, ಹೋರಿ ಗುದ್ದಿದವರು ನಮ್ಮಲ್ಲಿ ಎಷ್ಟು ಜನ! ಎಡ ಪಕ್ಕೆಗೆ ಪೆಟ್ಟು ಬಿದ್ದರೆ ಗುಲ್ಮ ಒಳಗೇ ಬಿರುಕು ಬಿಟ್ಟು ರಕ್ತ ಹೆಪ್ಪುಗಟ್ಟಬಹುದು. ಪೆಟ್ಟು ತೀವ್ರವಾಗಿದ್ದರೆ ಅದು ಆ ದಿನವೇ ಪ್ರಾಣಕ್ಕೆ ಬರುತ್ತದೆ, ಇಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡಿದ ಯಾವ ವೈದ್ಯರಿಗೂ ಅದನ್ನು ವಿವರಿಸಿ ಹೇಳಬೇಕಿಲ್ಲ. ಪೆಟ್ಟು ಹಗುರಾಗಿದ್ದರೆ ನಾಲ್ಕು ದಿನ ನೋವು ತಿಂದು, ಅರಿಶಿನ ಹಚ್ಚಿ, ಮತ್ತೆ ತೋಟಕ್ಕೆ ಹೋಗುತ್ತಾರೆ. ಕೆಲವರಲ್ಲಿ ಆ ಹೆಪ್ಪು ತಿಂಗಳು, ವರ್ಷ ಕಳೆದಂತೆ ಕರಗಿ ನೀರಾಗುತ್ತದೆ, ಸುತ್ತ ನಾರಿನ ಗೋಡೆ ಕಟ್ಟಿಕೊಳ್ಳುತ್ತದೆ. ಒಳಪೊರೆ ಇಲ್ಲದ ಈ ಗುಳ್ಳೆಯನ್ನು ಹುಸಿ ಗುಳ್ಳೆ ಎನ್ನುತ್ತೇವೆ. ಸ್ಕ್ಯಾನ್ ವರದಿ ಹಿಡಿದು ಬಂದವರನ್ನು "ಎಂದಾದರೂ ಬಿದ್ದಿದ್ದಿರಾ?" ಎಂದು ಕೇಳಿದರೆ ಮೊದಲು ಇಲ್ಲವೆನ್ನುತ್ತಾರೆ. ಹೆಂಡತಿಯೋ ತಮ್ಮನೋ ಪಕ್ಕದಿಂದ, "ಆ ವರ್ಷ ಸುಗ್ಗೀಲಿ ಬಿದ್ದಿರಲಿಲ್ವಾ?" ಎನ್ನುತ್ತಾರೆ. ಹೀಗೆ ಹಳೆಯ ಪೆಟ್ಟು ಹೊರಬರುತ್ತದೆ. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲೇ ನಿಂತು ಕೊನೆ ಇಳಿಸುವುದು, ಔಷಧಿ ಹೊಡೆಯುವುದು ಸಾಧ್ಯವಾಗಿದೆ. ಶಸ್ತ್ರವೈದ್ಯನಾಗಿ ನನಗೆ ಆ ದೋಟಿ ಕಂಡರೆ ಬಹಳ ಗೌರವ.

ಮೂರನೆಯದು ನಾಯಿಯಿಂದ ಬರುವ ಲಾಡಿಹುಳುವಿನ ಗುಳ್ಳೆ, ಹೈಡಾಟಿಡ್. ಕುರಿಯ ಶ್ವಾಸಕೋಶ, ಯಕೃತ್ತಿನಲ್ಲಿರುವ ಗುಳ್ಳೆಯನ್ನು ನಾಯಿ ತಿನ್ನುತ್ತದೆ, ನಾಯಿಯ ಕರುಳಲ್ಲಿ ಹುಳು ಬೆಳೆಯುತ್ತದೆ, ಅದರ ಮಲದಲ್ಲಿ ಬಂದ ಮೊಟ್ಟೆ ಕೈ, ಸೊಪ್ಪು, ನೀರಿನ ಮೂಲಕ ಮನುಷ್ಯರ ಹೊಟ್ಟೆ ಸೇರುತ್ತದೆ. ಯಕೃತ್ತು, ಶ್ವಾಸಕೋಶಗಳಲ್ಲೇ ಹೆಚ್ಚು, ಗುಲ್ಮದಲ್ಲಿ ಅಪರೂಪ. ಆದರೂ ಶಿವಮೊಗ್ಗಕ್ಕೆ ಚಿತ್ರದುರ್ಗ, ದಾವಣಗೆರೆ, ಹಾವೇರಿ ಕಡೆಯ ಕುರಿ ಸಾಕುವ ಊರುಗಳಿಂದಲೂ ರೋಗಿಗಳು ಬರುವುದರಿಂದ ಇದನ್ನು ಮರೆಯುವಂತಿಲ್ಲ. ಇದನ್ನು ತಿಳಿಯದೆ ಸೂಜಿ ಚುಚ್ಚಿ ಒಳಗಿನ ನೀರು ಹೊಟ್ಟೆಯೊಳಗೆ ಸೋರಿದರೆ ಕ್ಷಣದಲ್ಲಿ ರಕ್ತದೊತ್ತಡ ಕುಸಿಯುವಂಥ ಅಲರ್ಜಿ ಆಗಬಹುದು, ಹುಳುವಿನ ಮರಿಗಳು ಹೊಟ್ಟೆ ತುಂಬ ಹರಡಬಹುದು. ಅದಕ್ಕೇ ಗುಲ್ಮದ ಯಾವ ಗುಳ್ಳೆಗಾಗಲಿ ಕೈಹಾಕುವ ಮುನ್ನ ಸ್ಕ್ಯಾನ್‌ನಲ್ಲಿ ಒಳಗೊಳಗೇ ಮರಿಗುಳ್ಳೆ ಇದೆಯೇ, ಗೋಡೆಯಲ್ಲಿ ಸುಣ್ಣ ಕಟ್ಟಿದೆಯೇ ಎಂದು ನೋಡಬೇಕು, ರಕ್ತದ ಎಲಿಸಾ ಪರೀಕ್ಷೆ ಮಾಡಿಸಬೇಕು. ಹೈಡಾಟಿಡ್ ಎಂದು ಗೊತ್ತಾದರೆ ಮೊದಲು ಆಲ್ಬೆಂಡಜೋಲ್ ಮಾತ್ರೆ, ಆಮೇಲೆ ಆಪರೇಷನ್. ಇದನ್ನೂ ತೂತಿನ ಮೂಲಕ ಸೋರದಂತೆ ಮಾಡಬಹುದು. ಯಕೃತ್ತಿನ ಹೈಡಾಟಿಡ್‌ಗಾಗಿ ಕೊಯಮತ್ತೂರಿನ ಡಾ. ಸಿ. ಪಳನಿವೇಲು ಅದಕ್ಕೆಂದೇ ವಿಶೇಷ ಅಗಲ ಕೊಳವೆಯೊಂದನ್ನು ರೂಪಿಸಿದ್ದಾರೆ. ಹೈಡಾಟಿಡ್ ವಿಷಯವೇ ಬೇರೆ ಉಪನ್ಯಾಸವಾಗುವಷ್ಟಿದೆ. ಇಲ್ಲಿಗೆ ನಿಲ್ಲಿಸಿ ಉಳಿದೆರಡು ಬಗೆಗೆ ಬರುತ್ತೇನೆ.

ಗುಲ್ಮ ಇಲ್ಲದಿದ್ದರೂ ನಡೆಯುತ್ತದೆ ಎಂಬ ಭಾವನೆ ಬಹಳ ಹಳೆಯದು. ಅರಿಸ್ಟಾಟಲ್ ಕೂಡ ಅದು ಬದುಕಿಗೆ ಅನಿವಾರ್ಯವಲ್ಲ ಎಂದೇ ತಿಳಿದಿದ್ದ. 1867ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಝೂಲ್ ಪೆಯಾನ್ ಇಪ್ಪತ್ತು ವರ್ಷದ ಯುವತಿಯೊಬ್ಬಳ ಗುಲ್ಮವನ್ನು ತೆಗೆದ. ಕಾರಣ ಇವತ್ತಿನ ನಮ್ಮ ವಿಷಯವೇ, ಗುಲ್ಮದ ದೊಡ್ಡ ಗುಳ್ಳೆ. ಆಕೆ ಬದುಕಿದಳು. ಆ ಕಾಲಕ್ಕೆ ಅದು ಸಾಹಸ, ಅದರ ಬಗ್ಗೆ ನನಗೆ ಗೌರವವೇ ಇದೆ. ಅಲ್ಲಿಂದ ಮುಂದೆ ಸುಮಾರು ನೂರು ವರ್ಷ ಗುಲ್ಮಕ್ಕೆ ಪೆಟ್ಟಾದರೂ ಗುಳ್ಳೆಯಾದರೂ ಇಡಿಯಾಗಿ ತೆಗೆಯುವುದೇ ಪಾಠವಾಯಿತು. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶುಮಾಕರ್ ಎಂಬ ವೈದ್ಯರು ರಕ್ತದ ಕಾಯಿಲೆಗಾಗಿ ಗುಲ್ಮ ತೆಗೆಸಿಕೊಂಡ ಐದು ಎಳೆಗೂಸುಗಳ ಬಗ್ಗೆ ಬರೆದರು. ಆ ಮಕ್ಕಳನ್ನು ಭೀಕರ ಸೋಂಕುಗಳು ಕಾಡಿದ್ದವು. ಆಮೇಲೆ ಲೋಕದ ಎಲ್ಲೆಡೆಯಿಂದ ಅಂಥ ವರದಿಗಳು ಬಂದವು. ಬೆಳಿಗ್ಗೆ ಚಳಿಜ್ವರ, ಸಂಜೆಗೆ ಪ್ರಜ್ಞೆ ಇಲ್ಲ, ಮರುದಿನ ಸಾವು. ಹಾಗೆ ಬಂದಾಗ ಅರ್ಧದಷ್ಟು ಜನರನ್ನು ಉಳಿಸಿಕೊಳ್ಳಲಾಗುವುದಿಲ್ಲ. ಅಪರೂಪ ನಿಜ, ಆದರೆ ಗುಲ್ಮವಿಲ್ಲದವರಿಗೆ ಈ ಅಪಾಯ ಜೀವಮಾನವಿಡೀ ಇರುತ್ತದೆ, ಮೊದಲ ಎರಡು ಮೂರು ವರ್ಷ ಹೆಚ್ಚು, ಚಿಕ್ಕ ಮಕ್ಕಳಲ್ಲಿ ಇನ್ನೂ ಹೆಚ್ಚು.

ಈ ತಿಳಿವಳಿಕೆಗೆ ನಮ್ಮ ದೇಶದ ಒಬ್ಬರ ಕೊಡುಗೆಯಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಮುಂದೆ ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ಶಸ್ತ್ರವೈದ್ಯರಾಗಿ ಹೆಸರಾದ ಡಾ. ಉಪಾಧ್ಯಾಯ, ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿದ್ದಾಗ ಸಿಂಪ್ಸನ್ ಎಂಬವರ ಜೊತೆ ಸೇರಿ 1968ರಲ್ಲಿ ಒಂದು ಲೇಖನ ಪ್ರಕಟಿಸಿದರು. ಪೆಟ್ಟು ತಿಂದ ಮಕ್ಕಳ ಗುಲ್ಮವನ್ನು ತೆಗೆಯದೆ, ಎಚ್ಚರದಿಂದ ಕಾದರೆ ಎಷ್ಟೋ ಸಲ ತಾನೇ ಮಾಗುತ್ತದೆ ಎಂಬುದು ಅದರ ಸಾರ. ಆಗ ಅದನ್ನು ಒಪ್ಪಿದವರು ಕಡಿಮೆ. ಇಂದು ಲೋಕವೆಲ್ಲ ಅದನ್ನೇ ಅನುಸರಿಸುತ್ತದೆ.

ಇನ್ನು ಆಪರೇಷನ್‌ಗೆ ಬರೋಣ. ಹೊಟ್ಟೆ ಕೊಯ್ಯದೆ ಕ್ಯಾಮೆರಾ ಇಳಿಸಿ ಪಿತ್ತಕೋಶ ತೆಗೆಯುವುದನ್ನು ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಮಾಡಿ ತೋರಿಸಿದ. 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅದನ್ನು ಭಾರತಕ್ಕೆ ತಂದರು. ಸರ್ಕಾರಿ ಆಸ್ಪತ್ರೆಯ ಬಡರೋಗಿಗಳಿಗೇ ಇದು ಮೊದಲು ಸಿಗಬೇಕು, ಬೇಗ ಕೂಲಿಗೆ ಮರಳಬೇಕಾದವರು ಅವರೇ ಎಂಬುದು ಅವರ ನಂಬಿಕೆಯಾಗಿತ್ತು. 1991ರಲ್ಲಿ ಫ್ರಾನ್ಸಿನಲ್ಲಿ ಗುಲ್ಮವನ್ನೂ ಹೀಗೇ ತೆಗೆದರು. ಇಂದು ಶಿವಮೊಗ್ಗದಲ್ಲಿ ಪಿತ್ತಕೋಶ, ಅಪೆಂಡಿಕ್ಸ್, ಹರ್ನಿಯಾಗಳಿಗೆ ತೂತಿನ ಆಪರೇಷನ್ ದಿನನಿತ್ಯದ ಮಾತು. ಗುಲ್ಮದ ಗುಳ್ಳೆ ಹಾಗಲ್ಲ. ಅದು ಅಪರೂಪ, ಅಂಗ ರಕ್ತಮಯ, ಕೈ ತಪ್ಪಿದರೆ ನಿಮಿಷಗಳಲ್ಲಿ ಲೀಟರ್ ರಕ್ತ ಹೋಗುತ್ತದೆ.

ಮೊದಲ ನಿರ್ಧಾರ, ಆಪರೇಷನ್ ಬೇಕೇ ಎಂಬುದು. ಐದು ಸೆಂಟಿಮೀಟರಿಗಿಂತ ಚಿಕ್ಕದು, ತೊಂದರೆ ಕೊಡುತ್ತಿಲ್ಲ, ಹೈಡಾಟಿಡ್ ಅಲ್ಲ ಎಂದಾದರೆ ಸುಮ್ಮನಿರುವುದೇ ಚಿಕಿತ್ಸೆ. ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನ್. ದೊಡ್ಡದಾಗುತ್ತಾ ಹೋದರೆ, ಎಡ ಪಕ್ಕೆ ಭಾರವಾದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಎಡ ಭುಜಕ್ಕೆ ನೋವು ಹರಿದರೆ ಆಗ ಯೋಚಿಸಬೇಕು. ದೊಡ್ಡ ಗುಳ್ಳೆ ಒಡೆಯಬಹುದು, ಒಳಗೆ ರಕ್ತ ಸೋರಬಹುದು, ಕೀವಾಗಬಹುದು. ಮರ ಹತ್ತುವವರು, ಕಬಡ್ಡಿ ಆಡುವವರು, ಮಗು ಬಯಸುವ ಹೆಣ್ಣುಮಕ್ಕಳು ಅಂಥ ಗುಳ್ಳೆ ಇಟ್ಟುಕೊಂಡು ಕಾಯುವುದು ಬೇಡ ಎಂದೇ ನನ್ನ ಸಲಹೆ. ಐದು ಸೆಂಟಿಮೀಟರ್ ಎಂಬ ಗೆರೆಯನ್ನು ನಾನು ಕಟ್ಟುನಿಟ್ಟಾಗಿ ಹಿಡಿಯುವುದಿಲ್ಲ. ರೋಗಿಯ ಬದುಕು, ಕೆಲಸ, ಊರಿನಿಂದ ಆಸ್ಪತ್ರೆಗಿರುವ ದೂರ ಇವೂ ಆ ಅಳತೆಯಷ್ಟೇ ಮುಖ್ಯ.

"ಸೂಜಿ ಹಾಕಿ ನೀರು ತೆಗೆದುಬಿಡಿ" ಎಂದು ಕೇಳುವವರು ಬಹಳ. ಒಳಪೊರೆ ಉಳಿದಿರುವಷ್ಟು ಕಾಲ ನೀರು ಮತ್ತೆ ತುಂಬುತ್ತದೆ. ಆಲ್ಕೋಹಾಲ್ ಇತ್ಯಾದಿ ಒಳಗೆ ಹಾಕಿ ಪೊರೆ ಸುಡುವ ಪ್ರಯತ್ನಗಳೂ ನಂಬಿಕೆಗೆ ಅರ್ಹವಲ್ಲ, ಅಲ್ಲದೆ ಮುಂದೆ ಆಪರೇಷನ್ ಮಾಡುವಾಗ ಎಲ್ಲವೂ ಅಂಟಿಕೊಂಡಿರುತ್ತದೆ. ಆಪರೇಷನ್ನಿಗೆ ಸಿದ್ಧರಿಲ್ಲದ ತೀರಾ ವಯಸ್ಸಾದವರಿಗೆ, ಉಸಿರಾಟದ ಕಷ್ಟವಿರುವವರಿಗೆ ತಾತ್ಕಾಲಿಕವಾಗಿ ಮಾಡಬಹುದು, ಅಷ್ಟೇ.

ಉಳಿದದ್ದು ಮೂರು ದಾರಿ. ಗುಳ್ಳೆಯ ಹೊರಗೆ ಚಾಚಿದ ಚಾವಣಿಯನ್ನು ಕತ್ತರಿಸಿ ತೆಗೆದು ಅದನ್ನು ಹೊಟ್ಟೆಗೆ ತೆರೆದುಬಿಡುವುದು, ಗುಳ್ಳೆ ಇರುವ ಭಾಗವನ್ನಷ್ಟೇ ಗುಲ್ಮದಿಂದ ಬೇರ್ಪಡಿಸುವುದು, ಇಡೀ ಗುಲ್ಮ ತೆಗೆಯುವುದು. ಚಾವಣಿ ತೆಗೆಯುವುದು ಸುಲಭ, ರಕ್ತ ಕಡಿಮೆ ಹೋಗುತ್ತದೆ. ಪೆಟ್ಟಿನಿಂದ ಆದ ಹುಸಿ ಗುಳ್ಳೆಗೆ ಅದು ಚೆನ್ನಾಗಿ ಒಗ್ಗುತ್ತದೆ. ಹುಟ್ಟಿನಿಂದ ಬಂದ ಗುಳ್ಳೆಗೆ ಮಾತ್ರ ನನಗೆ ಅದರ ಮೇಲೆ ಪೂರ್ತಿ ವಿಶ್ವಾಸವಿಲ್ಲ. ಉಳಿದ ಪೊರೆ ಮತ್ತೆ ನೀರು ಸ್ರವಿಸುತ್ತದೆ, ಅಕ್ಕಪಕ್ಕದ ಕರುಳು, ಕೊಬ್ಬಿನ ಪದರ ಬಂದು ಬಾಯಿ ಮುಚ್ಚುತ್ತವೆ, ವರ್ಷದೊಳಗೆ ಗುಳ್ಳೆ ಹಳೆಯ ಜಾಗದಲ್ಲೇ ಕಾಣಿಸಿಕೊಳ್ಳುತ್ತದೆ. ಚಾವಣಿಯನ್ನು ಆದಷ್ಟು ಅಗಲ ತೆಗೆದು, ಸಾಧ್ಯವಿದ್ದಷ್ಟು ಒಳಪೊರೆಯನ್ನೂ ಸುಲಿದರೆ ಇದು ಕಡಿಮೆಯಾಗುತ್ತದೆ.

ಎರಡನೆಯ ದಾರಿ ನನಗೆ ಪ್ರಿಯವಾದದ್ದು. ಅದು ಹೇಗೆ ಸಾಧ್ಯ ಎಂಬುದಕ್ಕೆ ಭದ್ರಾ ಕಾಲುವೆಯನ್ನು ನೆನೆಯಿರಿ. ಮುಖ್ಯ ನಾಲೆಯಿಂದ ಒಡೆದ ಒಂದು ಉಪನಾಲೆಯ ತೂಬು ಮುಚ್ಚಿದರೆ ಅದರ ಕೆಳಗಿನ ಗದ್ದೆಗಳಷ್ಟೇ ಒಣಗುತ್ತವೆ, ಪಕ್ಕದ ಉಪನಾಲೆಯ ಗದ್ದೆ ಹಸಿರಾಗೇ ಇರುತ್ತದೆ. ಗುಲ್ಮದ ರಕ್ತನಾಳವೂ ಬಾಗಿಲಿಗೆ ಬರುವ ಮುನ್ನ ಕವಲೊಡೆದು, ಒಂದೊಂದು ಕವಲು ಒಂದೊಂದು ಭಾಗಕ್ಕೆ ಮಾತ್ರ ರಕ್ತ ಕೊಡುತ್ತದೆ.

ಆಪರೇಷನ್ ಟೇಬಲ್ಲಿನ ಹತ್ತಿರ ಬನ್ನಿ. ರೋಗಿಯನ್ನು ಬಲಮಗ್ಗುಲಿಗೆ ಹೊರಳಿಸಿ ಎಡಪಕ್ಕೆ ಮೇಲೆ ಬರುವಂತೆ ಕಟ್ಟಿರುತ್ತೇವೆ. ಜಠರ, ಕರುಳು ತಾವಾಗಿ ಕೆಳಗೆ ಸರಿಯುತ್ತವೆ. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿಸಿ, ಒತ್ತಡ 12ರಿಂದ 15 ಮಿಲಿಮೀಟರ್ ಪಾದರಸದಷ್ಟಿಟ್ಟು, ಕ್ಯಾಮೆರಾ ಇಳಿಸುತ್ತೇವೆ. ಪರದೆಯ ಮೇಲೆ ಕಡುನೇರಳೆ ಗುಲ್ಮ, ಅದರ ಒಂದು ತುದಿಯಲ್ಲಿ ನೀಲಿ ಬಿಳುಪಿನ ಉಬ್ಬು. ದೊಡ್ಡ ಗುಳ್ಳೆಯಾದರೆ ಮೊದಲು ಸೂಜಿಯಿಂದ ನೀರು ಹೀರಿ ಜಾಗ ಮಾಡಿಕೊಳ್ಳಬೇಕು. ಹುಟ್ಟಿನಿಂದ ಬಂದ ಗುಳ್ಳೆಯ ನೀರು ಕಂದು ಬಣ್ಣದ್ದು, ಬಾಟಲಿಯನ್ನು ದೀಪಕ್ಕೆ ಹಿಡಿದರೆ ಕೊಲೆಸ್ಟೆರಾಲ್ ಹರಳುಗಳು ಮಿನುಗುತ್ತವೆ. ಗೋಡೆಯ ಒಳಮೈ ಬೆಳ್ಳಗೆ, ಅಡ್ಡಾದಿಡ್ಡಿ ಎದ್ದ ಏಣುಗಳಿಂದ ಕೂಡಿರುತ್ತದೆ. ಆಮೇಲೆ ಗುಲ್ಮದ ಬಾಗಿಲಿಗೆ ಹೋಗಿ ಕವಲುಗಳನ್ನು ಒಂದೊಂದಾಗಿ ಬಿಡಿಸಬೇಕು. ಇಲ್ಲಿ ಆತುರ ಸಲ್ಲದು, ಮೇದೋಜೀರಕದ ಬಾಲ ಪಕ್ಕದಲ್ಲೇ ಇದೆ, ಅದಕ್ಕೆ ತಗುಲಿದರೆ ಜೀರ್ಣರಸ ಸೋರುತ್ತದೆ. ಗುಳ್ಳೆ ಇರುವ ಭಾಗದ ಕವಲಿಗೆ ಕ್ಲಿಪ್ ಹಾಕಿ ಸುಮ್ಮನೆ ಕಾಯುತ್ತೇವೆ. ಕಣ್ಣೆದುರೇ ಆ ಭಾಗದ ಬಣ್ಣ ಕಪ್ಪಿಡುತ್ತದೆ, ಜೀವವಿರುವ ಭಾಗಕ್ಕೂ ಇದಕ್ಕೂ ನಡುವೆ ಒಂದು ಗೆರೆ ಮೂಡುತ್ತದೆ. ಕೆಲವು ಕಡೆ ಇಂಡೋಸಯನೀನ್ ಗ್ರೀನ್ ಎಂಬ ಬಣ್ಣವನ್ನು ರಕ್ತನಾಳಕ್ಕೆ ಕೊಟ್ಟು ವಿಶೇಷ ಬೆಳಕಿನಲ್ಲಿ ಆ ಗೆರೆಯನ್ನು ಇನ್ನೂ ಸ್ಪಷ್ಟವಾಗಿ ನೋಡುತ್ತಾರೆ. ಕತ್ತರಿಸುವುದು ಗೆರೆಯ ಮೇಲಲ್ಲ, ಕಪ್ಪಾದ ಕಡೆಗೆ ಒಂದು ಸೆಂಟಿಮೀಟರಿನಷ್ಟು ಸರಿದು. ಅಲ್ಲಿ ರಕ್ತ ಹರಿಯುತ್ತಿಲ್ಲವಾದ್ದರಿಂದ ಅಲ್ಟ್ರಾಸೋನಿಕ್ ಕತ್ತರಿಯಾಗಲಿ, ಸ್ಟೇಪ್ಲರ್ ಆಗಲಿ ಸಲೀಸಾಗಿ ಸಾಗುತ್ತದೆ. ಗುಲ್ಮದ ಕಾಲು ಭಾಗವಾದರೂ ಉಳಿದರೆ ಅದರ ರಕ್ಷಣೆಯ ಕೆಲಸ ಮುಂದುವರಿಯುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಳತೆ. ತುಂಡನ್ನು ಚೀಲದಲ್ಲಿ ಹಾಕಿ ಹೊರಗೆ ತೆಗೆದು ಪೆಥಾಲಜಿಗೆ ಕಳಿಸಲೇಬೇಕು. ಪೊರೆ ಯಾವುದು ಎಂದು ಖಚಿತವಾಗಿ ಹೇಳುವವರು ಸೂಕ್ಷ್ಮದರ್ಶಕದ ಮುಂದೆ ಕೂತವರು.

ಎಲ್ಲರಿಗೂ ಇದು ಆಗುವುದಿಲ್ಲ. ಗುಳ್ಳೆ ಗುಲ್ಮದ ಬಾಗಿಲಲ್ಲೇ ಕೂತಿದ್ದರೆ, ಇಡೀ ಗುಲ್ಮವನ್ನೇ ನುಂಗಿದ್ದರೆ, ಗುಳ್ಳೆಗಳು ಹಲವಾಗಿದ್ದರೆ, ಟೇಬಲ್ಲಿನ ಮೇಲೆ ರಕ್ತ ನಿಲ್ಲದಿದ್ದರೆ ಇಡಿಯಾಗಿ ತೆಗೆಯುವುದೇ ಸರಿ. ಹಾಗೆಯೇ ತೂತಿನಿಂದ ಶುರುಮಾಡಿದ್ದನ್ನು ಹೊಟ್ಟೆ ತೆರೆದು ಮುಗಿಸಬೇಕಾಗಿ ಬಂದರೆ ಅದನ್ನು ಸೋಲೆಂದು ತಿಳಿಯಬೇಡಿ, ಆ ವೈದ್ಯರು ನಿಮ್ಮ ಪ್ರಾಣವನ್ನು ತಮ್ಮ ಹೆಸರಿಗಿಂತ ಮೇಲಿಟ್ಟಿದ್ದಾರೆ. ನನ್ನ ತಕರಾರು ಬೇರೆ. ಉಳಿಸಬಹುದಾದ ಗುಲ್ಮವನ್ನು ಅಭ್ಯಾಸಬಲದಿಂದ ತೆಗೆಯುವುದು, ಅದನ್ನೇ "ಲ್ಯಾಪ್ರೋಸ್ಕೋಪಿಯಲ್ಲಿ ಮಾಡಿದ್ದೇವೆ, ಸಣ್ಣ ಆಪರೇಷನ್" ಎಂದು ಹೇಳಿ ಕಳಿಸುವುದು ತಪ್ಪು. ಭಾಗವನ್ನಷ್ಟೇ ತೆಗೆಯುವ ಅನುಭವ ತಮಗಿಲ್ಲದಿದ್ದರೆ ಇರುವವರ ಬಳಿ ಕಳಿಸಬೇಕು. ಈ ಗುಳ್ಳೆ ತುರ್ತಿನದಲ್ಲ, ಬೆಂಗಳೂರಿಗೋ ಮಣಿಪಾಲಕ್ಕೋ ಹೋಗಿ ಬರುವಷ್ಟು ಸಮಯ ಖಂಡಿತ ಇರುತ್ತದೆ.

ಆಪರೇಷನ್ ನಿಗದಿಯಾದರೆ ಒಂದು ಕೆಲಸ ಮೊದಲೇ ಆಗಬೇಕು. ಕೊನೆಗೆ ಗುಲ್ಮ ಇಡಿಯಾಗಿ ಹೋಗಬೇಕಾದರೂ ಬರಬಹುದು ಎಂದು ಕನಿಷ್ಠ ಎರಡು ವಾರ ಮುಂಚೆ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ) ಲಸಿಕೆಗಳನ್ನು ಹಾಕಿಸಬೇಕು. ಅಪಘಾತದಲ್ಲಿ ತುರ್ತಾಗಿ ತೆಗೆದಿದ್ದರೆ ಎರಡು ವಾರ ಕಳೆದ ಮೇಲೆ ಹಾಕಿಸಬೇಕು, ಫ್ಲೂ ಲಸಿಕೆ ವರ್ಷವರ್ಷವೂ ಬೇಕು. ಈಗಿನ ಶಿಶುಗಳಿಗೆ ಸರ್ಕಾರಿ ಲಸಿಕೆಗಳಲ್ಲಿ ಕೆಲವು ಸಿಗುತ್ತವೆ, ದೊಡ್ಡವರು ಕೊಂಡೇ ಹಾಕಿಸಿಕೊಳ್ಳಬೇಕಾಗುತ್ತದೆ. ಆಪರೇಷನ್ ಬಿಲ್ಲಿನ ಪಕ್ಕದಲ್ಲಿ ಅದು ದೊಡ್ಡ ಮೊತ್ತವಲ್ಲ, ಆದರೂ ಡಿಸ್ಚಾರ್ಜ್ ಆಗುವ ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಅದೇ.

ಖರ್ಚಿನ ಬಗ್ಗೆ ಎರಡು ಮಾತು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೂ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯೊಳಗೆ ಸಿಗುತ್ತದೆ. ಸಾಲ ಮಾಡುವ ಮುನ್ನ, ತೋಟ ಅಡವಿಡುವ ಮುನ್ನ ಮೆಗ್ಗಾನ್‌ಗೆ ಹೋಗಿ ತೋರಿಸಿ, ಯೋಜನೆಯ ಕೌಂಟರಿನಲ್ಲಿ ಕೇಳಿ.

ಈ ಬೀದಿಯ ನನ್ನ ವೈದ್ಯ ಬಂಧುಗಳಲ್ಲಿ ಒಂದು ವಿನಂತಿ. ಗುಲ್ಮದ ಗುಳ್ಳೆಯ ವರದಿ ಬರೆಯುವಾಗ ಅಳತೆಯ ಜೊತೆಗೆ ಅದು ಯಾವ ತುದಿಯಲ್ಲಿದೆ, ಬಾಗಿಲಿಗೆ ಎಷ್ಟು ದೂರ, ಒಳಗೆ ಮರಿಗುಳ್ಳೆ ಇದೆಯೇ ಎಂಬುದನ್ನೂ ಬರೆಯಿರಿ. ಗುಲ್ಮ ತೆಗೆದವರ ಕೈಗೆ "ಈ ವ್ಯಕ್ತಿಗೆ ಗುಲ್ಮವಿಲ್ಲ" ಎಂದು ಕನ್ನಡದಲ್ಲಿ ಬರೆದ ಒಂದು ಚೀಟಿ ಕೊಡಿ, ಲಸಿಕೆಯ ತಾರೀಖುಗಳನ್ನು ಅದರ ಮೇಲೆ ಬರೆಯಿರಿ. ಜ್ವರ ಬಂದರೆ ಮನೆಯಲ್ಲಿ ಕಷಾಯ ಕುಡಿದು ಕಾಯಬಾರದು, ಇಂಥ ಹೊತ್ತಿಗೆಂದು ಮೊದಲೇ ಕೈಯಲ್ಲಿ ಕೊಟ್ಟಿರುವ ಆ್ಯಂಟಿಬಯೋಟಿಕ್ ಮಾತ್ರೆ ನುಂಗಿ ಅಂದೇ ಆಸ್ಪತ್ರೆಗೆ ಬರಬೇಕು, ನಾಯಿ ಕಚ್ಚಿದರೆ ರೇಬಿಸ್ ಚುಚ್ಚುಮದ್ದಿನ ಜೊತೆ ಆ್ಯಂಟಿಬಯೋಟಿಕ್ ಕೂಡ ಬೇಕು ಎಂದು ಅವರ ಮನೆಯವರನ್ನೂ ಕೂರಿಸಿಕೊಂಡು ಹೇಳಿ.

ಕೇಳಲು ಬಂದಿರುವ ನಿಮ್ಮಲ್ಲಿ ಕೇಳುವುದು ಇಷ್ಟು. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ತೋಟದಲ್ಲಿ ಕೆಲಸಕ್ಕೆ ಬರುವವರಲ್ಲಿ ಹಿಂದೆಂದಾದರೂ ಅಪಘಾತದಲ್ಲೋ ಕಾಯಿಲೆಯಲ್ಲೋ ಗುಲ್ಮ ತೆಗೆಸಿಕೊಂಡವರು ಇದ್ದೇ ಇರುತ್ತಾರೆ. ಲಸಿಕೆ ಆಗಿದೆಯೇ ಎಂದು ಅವರನ್ನು ಈ ವಾರವೇ ಕೇಳಿ. ಆಗಿಲ್ಲವೆಂದರೆ ಕರೆದುಕೊಂಡು ಹೋಗಿ ಹಾಕಿಸಿ. ಆಪರೇಷನ್ ಆಗಿ ಹತ್ತು ವರ್ಷ ಕಳೆದಿದ್ದರೂ ಆ ಲಸಿಕೆಯಿಂದ ಪ್ರಯೋಜನವಿದೆ.